ಮಾರೆನಳ ಏಪ್ರನ್

ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಸ್ಯಾನ್‌ಪೀಟ್ ಕಣಿವೆಯಿಂದ ಹೊರಟ ಬಿಳಿ ವ್ಯಾನಿನಲ್ಲಿ ಐದು ಜನರಿದ್ದರು. ಐವರ ಮೈಮೇಲೂ ಒಂದೇ ನೀಲಿ ಬಣ್ಣದ ಅಂಗಿ. ಅಂಗಿಯ ಬೆನ್ನಿಗೆ ‘ಮಾರೆನಳಿಗಾಗಿ ನಡೆಯುತ್ತೇವೆ’ ಎಂದು ಬರೆಸಿದ್ದರು. ನಡೆಯುವವರು ಯಾರೂ ಇರಲಿಲ್ಲ ಎನ್ನಿ. ಏಸಿ ಹಾಕಿಕೊಂಡು, ಐಸಿನ ಪೆಟ್ಟಿಗೆ ತುಂಬ ಟರ್ಕಿ ಸ್ಯಾಂಡ್‌ವಿಚ್ ಇಟ್ಟುಕೊಂಡು, ನಮ್ಮ ಹಿರಿಯರು ನೂರ ಅರವತ್ತು ವರ್ಷಗಳ ಹಿಂದೆ ತಮ್ಮ ಹೊಸ ಧರ್ಮವನ್ನು ನಂಬಿ ಈ ಕಣಿವೆಗೆ ಕೈಗಾಡಿ ಎಳೆದುಕೊಂಡು ನಡೆದೇ ಬಂದ ದಾರಿಯನ್ನು ಕೂತಲ್ಲೇ ಕೂತು ನೋಡಿ ಬರಲು ಹೊರಟಿದ್ದರು. ಬೇಸಿಗೆ ಬಂತೆಂದರೆ ನಮ್ಮ ಕಡೆಯ ಅರ್ಧ ಜನ ಇದೇ ಕೆಲಸ ಮಾಡುತ್ತಾರೆ, ಅಂಗಿಯ ಬಣ್ಣ ಮಾತ್ರ ಬೇರೆ.

ಹಿಂದಿನ ಸೀಟಿನ ಕೆಳಗೆ ಹಳೇ ಕೌದಿಯಲ್ಲಿ ಸುತ್ತಿದ ಒಂದು ಕಲ್ಲಿತ್ತು. ನಮ್ಮ ಗುಡ್ಡದಲ್ಲಿ ಸಿಗುವ ಕೆನೆ ಬಣ್ಣದ ಕಲ್ಲು. ಥೇನ್ ಲುಂಡ್ ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು, ಕಾಲಿಗೆ ಹೀಟರ್ ಇಟ್ಟುಕೊಂಡು, ಅದನ್ನು ಕೆತ್ತಿದ್ದ. ಮೇಲೆ ಒಂದು ಏಪ್ರನ್ನಿನ ಚಿತ್ರ, ಅದರ ದಾರಗಳು ಗಾಳಿಗೆ ಹಾರುವಂತೆ. ಕೆಳಗೆ ಅಕ್ಷರ: ‘ಮಾರೆನ್, ಮೂರು ವರ್ಷ. ತಾಯಿ ತನ್ನ ಏಪ್ರನ್ನಿನಲ್ಲಿ ಸುತ್ತಿ ಇಲ್ಲಿ ಮಲಗಿಸಿದಳು.’

ಆ ಕಲ್ಲಿನ ನೇರ ಮೇಲೆ ಕೂತಿದ್ದವಳು ಥೇನನ ಹೆಂಡತಿ ಆರ್ಡಿಸ್, ಅರವತ್ತಾರು ವರ್ಷದವಳು. ಕಲ್ಲಿನ ಮೇಲಿನ ಮಾತಿಗೆ ಬುಡವೇ ಇಲ್ಲ ಎಂದು ವ್ಯಾನಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಮರುದಿನ ಮಧ್ಯಾಹ್ನದೊಳಗೆ ಬಾಯಿ ಬಿಡದಿದ್ದರೆ ಅದು ವಯೋಮಿಂಗ್‌ನ ನೆಲದಲ್ಲಿ ನಾಟಿ ನಿಲ್ಲುತ್ತದೆ. ಬಿಟ್ಟರೆ ಮುಂದಿನ ಸೀಟಿನಲ್ಲಿ ಅಳಿಯನ ಪಕ್ಕ ಕೂತು ನಕ್ಷೆ ನೋಡುತ್ತಿದ್ದ ಮಗಳು ಜನೀಲಳ ಎದೆ ಒಡೆಯುತ್ತದೆ. ಊರು ದಾಟುವ ಮೊದಲೇ ಆರ್ಡಿಸ್ ಕಿಟಕಿ ಇಳಿಸಿಕೊಂಡಳು.

ನಮ್ಮೂರಲ್ಲಿ ಆರ್ಡಿಸ್ ಯಾರೆಂದು ಕೇಳಿದರೆ ಮೊದಲು ಬರುವುದು ಬನ್ನಿನ ಮಾತು. ಇಪ್ಪತ್ತೊಂಬತ್ತು ವರ್ಷ ಶಾಲೆಯಲ್ಲಿ ಬಿಸಿ ಬನ್ನು ಬೇಯಿಸಿ, ಮಧ್ಯಾಹ್ನದ ಅಡುಗೆ ಮಾಡಿದವಳು. ಈಗ ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವವನಿಗೂ, ಪೊಲೀಸ್ ಕಾರಿನಲ್ಲಿ ತಿರುಗುವವನಿಗೂ ಒಂದು ಕಾಲದಲ್ಲಿ “ಬೀನ್ಸ್ ಬಿಟ್ಟು ಎದ್ದೆಯೋ ನೋಡು” ಎಂದು ಸೌಟು ತೋರಿಸಿದವಳು. ನಮ್ಮಲ್ಲಿ ಒಂದೇ ಹೆಸರಿನವರು ರಾಶಿ ರಾಶಿ ಇರುವುದರಿಂದ ಅಡ್ಡಹೆಸರಿಲ್ಲದೆ ಯಾರನ್ನೂ ಗುರುತಿಸಲಾಗುವುದಿಲ್ಲ. ಊರಿನ ಮೂವರು ಥೇನರಲ್ಲಿ ಟರ್ಕಿ ಕೋಳಿ ಸಾಕುತ್ತಿದ್ದ ಇವಳ ಗಂಡ ಟರ್ಕಿ ಥೇನ್ ಆದ, ಇವಳು ಬನ್ನು ಆರ್ಡಿಸ್ ಆದಳು. ಥೇನ್ ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು, ಅದರಲ್ಲೂ ಹನ್ನೆರಡು ಮಾತು ಕೋಳಿಗಳ ಪಾಲಿಗೆ ಹೋಗುತ್ತಿತ್ತು. ಮಿಕ್ಕ ಮಾತೆಲ್ಲ ಮನೆಯಲ್ಲಿ ಆರ್ಡಿಸಳದೇ.

ಬನ್ನು ಬಿಟ್ಟರೆ ಅವಳು ಹೆಸರುವಾಸಿಯಾದದ್ದು ಸತ್ತವರ ಲೆಕ್ಕಕ್ಕೆ. ಸತ್ತವರನ್ನು ಹುಡುಕಿ, ಯಾರು ಯಾರ ಮಗು ಎಂದು ಬರೆದಿಡುವುದು ನಮ್ಮವರಿಗೆ ಮನೆ ಗುಡಿಸಿದಷ್ಟೇ ನಿತ್ಯದ ಕೆಲಸ. ವಂಶದ ಹಾಳೆಯಲ್ಲಿ ಒಂದು ಚೌಕ ಖಾಲಿ ಇದ್ದರೆ ಕೆಲವರಿಗೆ ನಿದ್ದೆ ಬರುವುದಿಲ್ಲ. ಅಂಥವರ ಪೈಕಿ ಆರ್ಡಿಸ್ ಮುಂದಾಳು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಶರತ್ಕಾಲದಲ್ಲಿ, ಅವಳಿಗಿನ್ನೂ ಇಪ್ಪತ್ತೈದು, ಊರಿನ ಹೆಂಗಸರ ಸಂಘಕ್ಕೆ ಸೇರಲು ಹೋದಳು. ನಡೆದು ಬಂದ ಹಿರಿಯರ ಮೊಮ್ಮಕ್ಕಳು, ಮರಿಮಕ್ಕಳ ಸಂಘ ಅದು. ಸೇರಬೇಕಾದರೆ ತನ್ನ ಒಬ್ಬ ಹಿರಿಯಳ ಬಾಳಿನ ಕತೆ ಬರೆದು ಎಲ್ಲರೆದುರು ಓದಬೇಕು. ಆರ್ಡಿಸಳ ಅಜ್ಜಿಯ ಅಜ್ಜಿ ಕಿರ್ಸ್ಟಿನೆ, ಡೆನ್ಮಾರ್ಕಿನಿಂದ ವಿಧವೆಯಾಗಿ ಬಂದು ಈ ಕಣಿವೆಯಲ್ಲಿ ಮತ್ತೆ ಮದುವೆಯಾದವಳು. ಅವಳು ಬಂದ ಪ್ರಯಾಣದ ಬಗ್ಗೆ ಇದ್ದದ್ದು ಎರಡು ಪಟ್ಟಿ ಮಾತ್ರ. ಕೈಗಾಡಿಗಳು ಹೊರಟಾಗಿನ ಪಟ್ಟಿಯಲ್ಲಿ ಎರಡು ಹೆಸರು: ಕಿರ್ಸ್ಟಿನೆ, ಇಪ್ಪತ್ತೇಳು, ಮಾರೆನ್, ಮೂರು. ಕಣಿವೆಗೆ ಬಂದು ತಲುಪಿದಾಗಿನ ಪಟ್ಟಿಯಲ್ಲಿ ಒಂದೇ ಹೆಸರು, ಕಿರ್ಸ್ಟಿನೆ. ಮಗು ಎಲ್ಲಿ ಹೋಯಿತು, ಏನಾಯಿತು, ಒಂದಕ್ಷರ ಇಲ್ಲ.

ಇಷ್ಟನ್ನೇ ಓದಿದರೆ ಅರ್ಧ ನಿಮಿಷ. ಹಿಂದಿನ ತಿಂಗಳು ಸಂಘದ ಸಿಸ್ಟರ್ ಆಫ್ಟನ್ (ನಮ್ಮ ಚರ್ಚಿನಲ್ಲಿ ಹೆಂಗಸರನ್ನೆಲ್ಲ ಸಿಸ್ಟರ್ ಎಂದೇ ಕರೆಯುವುದು) ಹನ್ನೆರಡು ಪುಟ ಓದಿ, ಕೊನೆಗೊಂದು ತೋಳವನ್ನೂ ತಂದು ಕೂರಿಸಿ ಹೋಗಿದ್ದಳು. ಆರ್ಡಿಸ್ ಅಡುಗೆಮನೆಯ ಮೇಜಿಗೆ ಕೂತು ಒಂದೇ ಉಸಿರಿಗೆ ಬರೆದಳು. ಸ್ವೀಟ್‌ವಾಟರ್ ನದಿ ಬಾಗುವ ಕಡೆ, ಒಂಟಿ ವಿಲೋ ಮರದ ಬುಡದಲ್ಲಿ ಮಗು ಕಣ್ಮುಚ್ಚಿತು. ಅವಳು ಆ ನದಿಯನ್ನು ಆ ತನಕ ಗೋಡೆಯ ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಕಿರ್ಸ್ಟಿನೆ ಸೊಂಟದಿಂದ ಏಪ್ರನ್ ಬಿಚ್ಚಿ, ಮಗುವನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಕತ್ತಿನ ಹತ್ತಿರ ದಾರ ಬಿಗಿಯದಂತೆ ಮೆಲ್ಲಗೆ ಗಂಟು ಹಾಕಿ, ಹಿಮದಲ್ಲಿ ಮಲಗಿಸಿದಳು. ಆಮೇಲೆ ಎದ್ದು ಗಾಡಿ ಹಿಡಿದಳು. ಮೊದಲ ಪ್ರತಿಯಲ್ಲಿ ‘ಬಹುಶಃ ಹೀಗೆ ನಡೆದಿರಬಹುದು’ ಎಂದೊಂದು ಸಾಲಿತ್ತು. ಎರಡನೇ ಪ್ರತಿ ಟೈಪ್ ಮಾಡುವಾಗ ಅದು ಕತೆಯನ್ನು ಸಪ್ಪೆ ಮಾಡುತ್ತದೆ ಎನಿಸಿ ಅವಳೇ ತೆಗೆದಳು. ಇಡೀ ಸಂಘ ಮೂಗು ಒರೆಸಿಕೊಂಡಿತು, ಸಿಸ್ಟರ್ ಆಫ್ಟನಳೂ ಸೇರಿ.

ಆಮೇಲೆ ಕತೆ ಅವಳ ಕೈಯಲ್ಲಿ ಉಳಿಯಲಿಲ್ಲ. ಅವಳು ಹೊರತಂದ ವಂಶದ ಪುಸ್ತಕದಲ್ಲಿ ಅಚ್ಚಾಯಿತು. ವಂಶದವರು ಸೇರುವ ಬೇಸಿಗೆ ಕೂಟಗಳಲ್ಲಿ ಮಕ್ಕಳು ಅದನ್ನು ನಾಟಕ ಆಡಿದರು. ಯಾರೋ ಪಿಯಾನೋಗೆ ಹಾಡು ಕಟ್ಟಿದರು. ಹದಿನೈದು ಹದಿನಾರರ ಹುಡುಗರು ಹಳೇ ಕಾಲದ ಅಂಗಿ ತೊಟ್ಟು, ಹುಡುಗಿಯರು ಉದ್ದ ಲಂಗ, ತಲೆಗೆ ಬಟ್ಟೆಯ ಬಾನೆಟ್ ಟೋಪಿ ಹಾಕಿಕೊಂಡು ಮೂರು ದಿನ ಕೈಗಾಡಿ ಎಳೆಯುವ ಯಾತ್ರೆಯೊಂದು ನಮ್ಮಲ್ಲಿದೆ, ಅದರಲ್ಲಿ ಹಿಟ್ಟಿನ ಚೀಲದ ಗೊಂಬೆಯನ್ನು ಏಪ್ರನ್ನಿನಲ್ಲಿ ಸುತ್ತಿ ಹೂಳುವುದು ವಾಡಿಕೆಯಾಯಿತು. ಪ್ರತಿ ಸಲವೂ ಆರ್ಡಿಸಳಿಗೆ ಒಳಗೊಳಗೇ ಮುಜುಗರ, ಅದರ ಜೊತೆಗೆ ಸ್ವಲ್ಪ ಜಂಬ. ಹೇಳಿಬಿಡೋಣ ಎಂದುಕೊಳ್ಳುವಳು, ಮುಂದಿನ ವರ್ಷ ಹೇಳಿದರಾಯಿತು ಎಂದು ಸುಮ್ಮನಾಗುವಳು.

ಮುಂದಿನ ವರ್ಷ ಎನ್ನುವ ಮಾತು ಹನ್ನೊಂದು ವರ್ಷದ ಹಿಂದೆ ಮುಗಿಯಿತು. ಜನೀಲಳ ಎರಡನೇ ಮಗು ಡಾಸನ್ ಹುಟ್ಟಿ ಎರಡು ದಿನ ಬದುಕಿ ಹೋದ. ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಜನೀಲ್ ಕೇಳಿದ್ದು ಒಂದೇ ಮಾತು: “ಅಮ್ಮ, ಮಾರೆನ್‌ಗೆ ಸುತ್ತಿದ್ರಲ್ಲ, ಅಂಥದೇ ಒಂದು ಏಪ್ರನ್ ಹೊಲಿದುಕೊಡ್ತೀಯಾ?” ಆರ್ಡಿಸ್ ಮನೆಗೆ ಹೋಗಿ ಬಿಳಿ ಬಟ್ಟೆ ಕತ್ತರಿಸಿ, ಹೊಲಿಗೆ ಯಂತ್ರವನ್ನು ಮುಟ್ಟದೆ ಕೈಯಲ್ಲೇ ಹೊಲಿದು ತಂದಳು. ಆ ವರ್ಷ ಹಾಸಿಗೆ ಬಿಟ್ಟು ಏಳಲಾಗದ ದಿನಗಳಲ್ಲಿ ಜನೀಲ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು, “ಕಿರ್ಸ್ಟಿನೆ ಎದ್ದು ಗಾಡಿ ಹಿಡಿದಳಲ್ಲ.” ಮತ್ತೆ ಮಕ್ಕಳಾಗಲಿಲ್ಲ. ಮನೆಗೆ ಐದಾರು ಮಕ್ಕಳಿರುವ ನಮ್ಮ ಕಡೆ, ಮಗಳು ಬ್ರಿನ್ಲಿಯ ಕೈ ಹಿಡಿದು ಹೋಗುವ ಜನೀಲಳನ್ನು “ಇವಳೊಬ್ಬಳೇನಾ?” ಎಂದು ಕೇಳದವರಿಲ್ಲ. ಪ್ರತಿ ಸಲವೂ ಅವಳು ನಕ್ಕು, “ಇಬ್ಬರು, ಒಬ್ಬ ಮೊದಲೇ ಹೋಗಿದ್ದಾನೆ” ಎನ್ನುವಳು. ಈ ಪ್ರವಾಸ, ಈ ಅಂಗಿ, ಈ ಕಲ್ಲಿನ ಯೋಚನೆ ಎಲ್ಲವೂ ಅವಳದೇ.

ಮೊದಲ ದಿನ ಹಳೇ ಕೋಟೆಯೊಂದನ್ನು ನೋಡಿ, ರಾಕ್ ಸ್ಪ್ರಿಂಗ್ಸ್‌ನಲ್ಲಿ ತಂಗಿದರು. ಶುಕ್ರವಾರ ಬೆಳಿಗ್ಗೆ ಫಾರ್ಸನ್ ಎಂಬ ಕೂಡುರಸ್ತೆಯ ಊರಿನಲ್ಲಿ ಐಸ್‌ಕ್ರೀಂ ತಿನ್ನಲು ನಿಂತರು. ಅಲ್ಲಿ ಒಂದು ಕೋನಿಗೆ ಹಾಕಿಕೊಡುವ ಐಸ್‌ಕ್ರೀಂ ಮಗುವಿನ ತಲೆಯಷ್ಟಿರುತ್ತದೆ.

“ಬಾತ್‌ರೂಮಿಗೆ ಹೋಗೋರು ಇಲ್ಲೇ ಹೋಗಿಬನ್ನಿ,” ಎಂದ ಅಳಿಯ ಕಾರ್ವಿನ್. ಎಲೆಕ್ಟ್ರಿಷಿಯನ್ ಅವನು, ಎಲ್ಲಕ್ಕೂ ಮೊದಲೇ ಲೆಕ್ಕ ಹಾಕುವವನು. “ಮುಂದೆ ಎಂಬತ್ತು ಮೈಲಿ ಬರೀ ಸೇಜ್ ಗಿಡ.”

“ಗಿಡ ಇದೆಯಲ್ಲ, ಮತ್ತೇನು ಬೇಕು,” ಎಂದ ಥೇನ್.

“ಅಪ್ಪಾ!” ಎಂದಳು ಜನೀಲ್.

ಹದಿನಾರರ ಬ್ರಿನ್ಲಿ ಒಂದು ಕೈಯಲ್ಲಿ ಕೋನು, ಇನ್ನೊಂದರಲ್ಲಿ ಫೋನು ಹಿಡಿದು ಅಜ್ಜಿಯ ಪಕ್ಕಕ್ಕೆ ಬಂದು ಕೂತಳು. “ಅಜ್ಜಿ, ಭಾನುವಾರ ಚರ್ಚಿನಲ್ಲಿ ನಾನು ಮಾರೆನ್ ಬಗ್ಗೆ ಮಾತಾಡ್ಬೇಕಲ್ಲ. ಏಪ್ರನ್ ವಿಷಯ ಯಾರ ದಿನಚರೀಲಿದೆ? ಅವರ ಕೈಗಾಡಿ ಗುಂಪಿನವರ ಏಳು ದಿನಚರಿ ಹುಡುಕಿದೆ, ಒಂದರಲ್ಲೂ ಇಲ್ಲ.”

“ನನ್ನ ಪುಸ್ತಕದಲ್ಲಿ ಇದೆಯಲ್ಲೇ.”

“ಅದು ನೀನು ಬರೆದಿದ್ದು. ನಿನಗೆ ಯಾರು ಹೇಳಿದ್ದು?”

“ಮೊದಲು ಅದನ್ನ ತಿನ್ನು. ಮೊಣಕೈ ತನಕ ಸೋರ್ತಾ ಇದೆ ನೋಡು.”

ಹುಡುಗಿ ನೆಕ್ಕುತ್ತಾ ಹೋದಳು, ಪ್ರಶ್ನೆ ಅಲ್ಲೇ ಉಳಿಯಿತು. ಆರ್ಡಿಸ್ ತನ್ನ ಅರ್ಧ ಕೋನನ್ನು ಥೇನನ ಕೈಗೆ ಕೊಟ್ಟಳು. ಅವನು ಏನೂ ಕೇಳದೆ ಅದನ್ನೂ ತಿಂದ.

ಸೌತ್ ಪಾಸ್ ಎನ್ನುವ ಜಾಗಕ್ಕೆ ಬಂದಾಗ ಬ್ರಿನ್ಲಿ ಸುತ್ತಲೂ ನೋಡಿ, “ಇದೇನಾ ಘಾಟಿ? ನಮ್ಮ ಶಾಲೆ ಮೈದಾನ ಇದಕ್ಕಿಂತ ಏರಿದೆ,” ಎಂದಳು. ನಿಜ, ಅಲ್ಲಿ ನೋಡಲು ಏನೂ ಇಲ್ಲ. ಬೆಟ್ಟಗಳು ದೂರ ಸರಿದು ನಿಂತಿವೆ, ನಡುವೆ ಬಯಲು, ಗಾಳಿ, ಸೇಜ್ ಗಿಡದ ಖಾರವಾದ ವಾಸನೆ, ನೆಲದಲ್ಲಿ ಹುಲ್ಲು ಬೆಳೆಯದ ಎರಡು ಗೆರೆ. ಆ ಗೆರೆ ಗಾಡಿಗಳದು. ಆರ್ಡಿಸ್ ಗೆರೆಯ ಮೇಲೆ ಕಾಲಿಟ್ಟು ನಿಂತಳು. ಕಿರ್ಸ್ಟಿನೆ ಇಲ್ಲಿ ದಾಟಿದಾಗ ಮಗು ಜೊತೆಗಿತ್ತೋ ಇಲ್ಲವೋ, ಎತ್ತಿಕೊಂಡಿದ್ದಳೋ, ಗಾಡಿಯಲ್ಲಿ ಕೂರಿಸಿದ್ದಳೋ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಜಾಗಕ್ಕೆ ನಾನೇಕೆ ಕೈ ಹಾಕಿದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಈಗಲೇ ಹೇಳಿಬಿಡುತ್ತೇನೆ ಎಂದು ಜನೀಲಳ ಹತ್ತಿರ ಹೋದಳು. “ಜನೀಲ್, ಒಂದು ಮಾತು ಹೇಳ್ಬೇಕು.”

ಜನೀಲ್ ತಿರುಗಿ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. “ನಾನೂ ಹೇಳ್ಬೇಕು. ನೀನು ಆ ಕತೇನ ಹುಡುಕಿ ಬರೆದಿಡದೆ ಇದ್ದಿದ್ರೆ, ಡಾಸನ್ ಹೋದ ವರ್ಷ ನಾನು ಉಳೀತಿರಲಿಲ್ಲ ಅಮ್ಮ. ನಿಜ ಹೇಳ್ತೀನಿ. ಸರಿ, ನಿನ್ನ ಮಾತೇನು?”

“ಏನಿಲ್ಲ. ಟೋಪಿ ಹಾಕ್ಕೋ, ಬಿಸಿಲಿದೆ.”

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನದಿಯ ದಂಡೆಯ ರಾಂಚ್ ತಲುಪಿದರು. ಪುಸ್ತಕದ ವರ್ಣನೆ ಇಟ್ಟುಕೊಂಡು, ಸ್ವೀಟ್‌ವಾಟರಿನ ನೂರು ಬಾಗುಗಳಲ್ಲಿ ವಿಲೋ ಮರ ಇರುವ ಬಾಗನ್ನು ಹುಡುಕಿ, ರಾಂಚಿನವರಿಗೆ ಮೂರು ಪತ್ರ ಬರೆದು ಒಪ್ಪಿಸಿದವಳು ಜನೀಲ್. ದನಗಳು ಹೊರಗೆ ಹೋಗದಂತೆ ಗೇಟು ಮುಚ್ಚಿದರೆ ಸಾಕು, ಏನು ಬೇಕಾದರೂ ನೆಟ್ಟುಕೊಳ್ಳಿ ಎಂದಿದ್ದರಂತೆ ಆ ಪುಣ್ಯಾತ್ಮರು.

ಕಾರ್ವಿನ್ ಗುಂಡಿ ತೋಡಿದ. ಅವನೂ ಥೇನನೂ ಕೂಡಿ ಕಲ್ಲನ್ನು ಕೌದಿಯ ಸಮೇತ ಹೊತ್ತು ತಂದು ಗುಂಡಿಯ ಅಂಚಿನಲ್ಲಿಟ್ಟರು. ಥೇನ್ ಮಂಡಿ ಹಿಡಿದುಕೊಂಡು ಏದುಸಿರು ಬಿಟ್ಟ, ಆಮೇಲೆ ಕೌದಿ ಸರಿಸಿ ಕಲ್ಲಿನ ಮುಖವನ್ನು ಅಂಗೈಯಿಂದ ಒರೆಸಿದ. ಬಿಸಿಲಿಗೆ ಕೆನೆ ಬಣ್ಣ ಹೊಳೆಯಿತು. ಅಷ್ಟು ಚೆಂದದ ಕೆಲಸವನ್ನು ಅವನ ಕೈಯಿಂದ ಆರ್ಡಿಸ್ ಹಿಂದೆಂದೂ ನೋಡಿರಲಿಲ್ಲ.

“ಮೊದಲು ನೀನು ಪ್ರಾರ್ಥನೆ ಹೇಳು,” ಎಂದ ಥೇನ್. “ಆಮೇಲೆ ನಾನು ಜಾಗವನ್ನ ದೇವರಿಗೆ ಒಪ್ಪಿಸ್ತೀನಿ.”

ಎಲ್ಲರೂ ಕೈಕಟ್ಟಿ ತಲೆ ಬಗ್ಗಿಸಿದರು. ನಮ್ಮಲ್ಲಿ ಪ್ರಾರ್ಥನೆಗೆ ಬರೆದಿಟ್ಟ ಮಾತಿಲ್ಲ, ಬಾಯಿಗೆ ಬಂದದ್ದನ್ನು ಮನಸ್ಸಿನಿಂದ ಹೇಳಬೇಕು. ಆರ್ಡಿಸ್ ಶುರು ಮಾಡಿದಳು. “ಪರಲೋಕದ ನಮ್ಮ ತಂದೆಯೇ. ಈ ದಿನಕ್ಕಾಗಿ ನಿನಗೆ ವಂದನೆ. ನಾವಿಲ್ಲಿ ಸೇರಿದ್ದೀವಿ, ಯಾಕಂದ್ರೆ ಇಲ್ಲಿ...”

ಮುಂದೆ ಹೋಗಲಾಗಲಿಲ್ಲ. ಸಂಘದವರಿಗೆ ಹೇಳಿದ್ದಳು, ಮಕ್ಕಳಿಗೆ ಹೇಳಿದ್ದಳು, ಅಚ್ಚು ಹಾಕಿಸಿದ್ದಳು. ದೇವರ ಮುಖಕ್ಕೆ ನೇರವಾಗಿ ಹೇಳುವ ಪ್ರಸಂಗ ನಲವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ. ಗಾಳಿ ಬೀಸುತ್ತಿತ್ತು. ಅಜ್ಜಿ ಅಳುತ್ತಿದ್ದಾಳೆ ಎಂದುಕೊಂಡು ಬ್ರಿನ್ಲಿ ಒಂದು ಕಣ್ಣು ತೆರೆದು ನೋಡಿದಳು.

“ನನ್ನಿಂದ ಆಗಲ್ಲ,” ಎಂದಳು ಆರ್ಡಿಸ್. “ಕಣ್ಣು ಬಿಡಿ ಎಲ್ಲರೂ. ಈ ಕಲ್ಲು ನೆಡಬೇಡಿ.”

“ಯಾಕೆ, ಕಾಗುಣಿತ ತಪ್ಪಾಗಿದೆಯಾ?” ಎಂದ ಥೇನ್ ಗಾಬರಿಯಿಂದ.

“ನಿನ್ನದೇನೂ ತಪ್ಪಿಲ್ಲ. ಏಪ್ರನ್ ಇರಲಿಲ್ಲ ಥೇನ್. ನದಿ, ಮರ, ಹಿಮ, ಯಾವುದೂ ಗೊತ್ತಿಲ್ಲ. ಒಂದು ಪಟ್ಟೀಲಿ ಮಗು ಹೆಸರಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಅಷ್ಟೇ. ದಾರೀಲಿ ಸತ್ತಿತೋ, ಯಾರಾದ್ರೂ ಸಾಕಿಕೊಂಡ್ರೋ, ಬರೆಯೋನು ಹೆಸರು ಬಿಟ್ಟನೋ. ಮಿಕ್ಕಿದ್ದೆಲ್ಲ ನಾನೇ ಕಟ್ಟಿ ಬರೆದೆ. ಈ ಮರ ನಮ್ಮ ಅಡುಗೆಮನೆ ಕ್ಯಾಲೆಂಡರಿಂದು.”

ಕಾರ್ವಿನ್ ಗುದ್ದಲಿಯನ್ನೇ ನೋಡುತ್ತಾ ನಿಂತ. ಬ್ರಿನ್ಲಿಗೆ ಮೊದಲು ಬಾಯಿ ಬಂತು. “ಅಜ್ಜೀ! ಯಾತ್ರೇಲಿ ಆ ಗೊಂಬೆ ಹೂಳುವಾಗ ನಾನು ಮೂಗು ಕೆಂಪಾಗೋ ಹಾಗೆ ಅತ್ತಿದ್ದೀನಿ. ಫೋಟೋ ಇದೆ!”

“ಗೊತ್ತು ಚಿನ್ನ. ನಾನೇ ಅದನ್ನ ಫ್ರಿಜ್ ಮೇಲೆ ಅಂಟಿಸಿದ್ದೀನಿ.”

ಜನೀಲ್ ಮೆಲ್ಲಗೆ ಕೇಳಿದಳು. “ಡಾಸನ್‌ಗೆ ಹೊಲಿದುಕೊಡು ಅಂದೆನಲ್ಲ. ಆಗಲೂ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಹೊಲಿದುಕೊಟ್ಟೆ.”

“ಕೊಟ್ಟೆ.”

ಜನೀಲ್ ಬೆನ್ನು ತಿರುಗಿಸಿ ನದಿಯ ಕಡೆ ನಡೆದಳು. ನೀಲಿ ಅಂಗಿಯ ಮೇಲಿನ ಅಕ್ಷರ ದೂರದವರೆಗೂ ಓದಲು ಬರುತ್ತಿತ್ತು. ಕಾರ್ವಿನ್ ಹಿಂದೆ ಹೊರಟಾಗ ಆರ್ಡಿಸ್ ಅವನ ತೋಳು ಹಿಡಿದು ನಿಲ್ಲಿಸಿ, “ಬಡಿದ್ರೆ ನನಗೇ ಬಡೀಲಿ ಬಿಡು,” ಎಂದು ತಾನೇ ಹೋದಳು.

ಜನೀಲ್ ನೀರಿನಂಚಿನಲ್ಲಿ ಕೂತಿದ್ದಳು. ಆರ್ಡಿಸ್ ಮಂಡಿ ನೋವನ್ನು ಲೆಕ್ಕಿಸದೆ ಪಕ್ಕದಲ್ಲಿ ಕುಕ್ಕರಿಸಿದಳು.

“ಆ ವರ್ಷವೆಲ್ಲ ನಾನು ಇಲ್ಲದೋಳ ಕೈ ಹಿಡ್ಕೊಂಡು ನಡೆದೆ,” ಎಂದಳು ಜನೀಲ್. “ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.”

“ಬೈಯಿ. ಬೈದುಬಿಡು.”

“ಬೈತೀನಿ, ತಡಿ. ಮನೆಗೆ ಹೋಗಿ ಸರಿಯಾಗಿ ಬೈತೀನಿ.” ಒಂದು ಕಲ್ಲು ಎತ್ತಿ ನೀರಿಗೆ ಎಸೆದಳು. “ಒಂದು ಹೇಳು. ದಾರೀಲಿ ತೀರಿಕೊಂಡಿತು ಅಂತ ಬರೆದಿದ್ರೆ ಸಾಕಿತ್ತಲ್ಲ, ನಿನ್ನ ಸಂಘದೋರು ಅದಕ್ಕೂ ಅಳೋರು. ಏಪ್ರನ್ ಯಾಕೆ ಬಂತು? ಕತ್ತಿಗೆ ಬಿಗಿಯಬಾರದು ಅಂತ ಮೆಲ್ಲಗೆ ಗಂಟು ಹಾಕಿದಳು ಅಂತ ಬರೆದಿದ್ದೀಯಲ್ಲ. ಸತ್ತ ಮಗೂಗೆ. ಅದನ್ನ ಓದಿದಾಗೆಲ್ಲ ನಂಗೆ ಅನ್ನಿಸ್ತಿತ್ತು, ಇದು ಪಟ್ಟವಳಿಗೇ ಗೊತ್ತಿರೋ ವಿಷಯ ಅಂತ. ನಿಂಗೆ ಹೇಗೆ ಗೊತ್ತಾಯ್ತು?”

ಆರ್ಡಿಸ್ ಏನೋ ಒಂದು ಹಾರಿಕೆ ಮಾತು ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆಯೇ. ಈ ಕತೆ ಹೇಳುತ್ತಿರುವ ನಾನು ಇದನ್ನು ಮೊದಲೇ ಹೇಳಲಿಲ್ಲ, ಏಕೆಂದರೆ ಅವಳೂ ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಕೂಡ.

“ನೀನು ನಮ್ಮ ಮೊದಲನೇ ಮಗು ಅಲ್ಲ ಜನೀಲ್.”

ಎಪ್ಪತ್ತೆಂಟರ ಮಾರ್ಚ್ ತಿಂಗಳು. ಒಂಬತ್ತು ತಿಂಗಳು ತುಂಬಿ ಹುಟ್ಟಿದ ಮಗು ಅಳಲಿಲ್ಲ. ನರ್ಸು ಒಂದು ಟವಲಿನಲ್ಲಿ ಸುತ್ತಿಕೊಂಡು ಬಾಗಿಲು ದಾಟಿದಳು, ಅಷ್ಟನ್ನೇ ಆರ್ಡಿಸ್ ನೋಡಿದ್ದು, ಟವಲಿನ ಅಂಚು. ನೋಡಬೇಡಿ, ನೋಡದಿದ್ದರೆ ಬೇಗ ಮರೆಯುತ್ತೀರಿ ಎಂದು ಆ ಕಾಲದಲ್ಲಿ ಎಲ್ಲರಿಗೂ ಹೇಳುತ್ತಿದ್ದಂತೆ ಅವಳಿಗೂ ಹೇಳಿದರು. ಥೇನ್ ಎಲ್ಲಿಗೋ ಹೋಗಿ ಎಲ್ಲ ಮುಗಿಸಿ ಬಂದ. ಮೂರು ದಿನಕ್ಕೆ ಮನೆಗೆ ಬಂದರೆ ತೊಟ್ಟಿಲಿಲ್ಲ, ಸಣ್ಣ ಬಟ್ಟೆಗಳಿಲ್ಲ. ನೆರೆಯ ಹೆಂಗಸರು ಬಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಎಲ್ಲ ತೆಗೆದು ಮನೆ ಒರೆಸಿ ಮೇಜಿನ ಮೇಲೊಂದು ಆಪಲ್ ಪೈ ಇಟ್ಟು ಹೋಗಿದ್ದರು. ಗಂಡ ಹೆಂಡತಿ ಆ ಪೈ ತಿಂದರು. ಆ ವಿಷಯ ಮತ್ತೆ ಎತ್ತಲಿಲ್ಲ.

“ಅದೇ ಮೇಜಿಗೆ ಕೂತು ಮಾರೆನ್ ಕತೆ ಬರೆದೆ,” ಎಂದಳು ಆರ್ಡಿಸ್. “ಆವತ್ತು ನನ್ನ ಸೊಂಟದಲ್ಲಿ ಏಪ್ರನ್ ಇತ್ತು. ಇಷ್ಟು ವರ್ಷ ಎರಡನ್ನೂ ಜೋಡಿಸಿ ನೋಡಲೇ ಇಲ್ಲ ನಾನು. ನೋಡು, ಎಂಥ ದಡ್ಡಿ.”

“ಗಂಡಾ, ಹೆಣ್ಣಾ?”

“ಹೆಣ್ಣು.”

“ಹೆಸರು?”

“ಇಟ್ಟಿರಲಿಲ್ಲ.”

ಜನೀಲ್ ಅಮ್ಮನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. “ಡಾಸನ್‌ನ ನಾನು ಎರಡು ದಿನ ಕೆಳಗಿಳಿಸಲಿಲ್ಲ ಅಮ್ಮ.”

“ಗೊತ್ತು. ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ.” ಆರ್ಡಿಸ್ ನೀರಿನ ಕಡೆ ನೋಡುತ್ತಾ ಹೇಳಿದಳು. “ಹೊಟ್ಟೆಕಿಚ್ಚು ಪಟ್ಟೆ ಕಣೇ. ಹೆತ್ತ ಮಗಳ ಮೇಲೆ, ಅಂಥ ಹೊತ್ತಲ್ಲಿ. ಅದಕ್ಕೇ ಏಪ್ರನ್ನಿಗೆ ಅಷ್ಟು ಸಣ್ಣ ಹೊಲಿಗೆ ಹಾಕಿದ್ದು, ಎರಡು ಮಕ್ಕಳಿಗೂ ಸೇರಿಸಿ.”

ಇಬ್ಬರೂ ಅತ್ತರು, ನಾಚಿಕೆ ಬಿಟ್ಟು, ಶಬ್ದ ಮಾಡಿ. ಆಚೆ ದಂಡೆಯ ಎರಡು ದನ ತಲೆ ಎತ್ತಿ ನೋಡಿದವು.

ಅವರು ತಿರುಗಿ ಬಂದಾಗ ಕಾರ್ವಿನ್ ಗುಂಡಿ ಮುಚ್ಚಿ ಮಣ್ಣು ತುಳಿಯುತ್ತಿದ್ದ. ಬ್ರಿನ್ಲಿ ಸ್ಯಾಂಡ್‌ವಿಚ್ ಹಂಚುತ್ತಿದ್ದಳು, ಕಣ್ಣು ಅಮ್ಮನ ಮೇಲೆ. ಥೇನ್ ಕಲ್ಲಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಒಂದು ಚಳಿಗಾಲದ ಕೆಲಸ ಹಾಳಾಯಿತಲ್ಲ ಎಂಬ ಬೇಸರ ಅವನ ಮುಖದಲ್ಲಿ ಇರಲಿಲ್ಲ, ಕಾಯುವವನ ಮುಖ ಅದು. ಆರ್ಡಿಸ್ ಅವನೆದುರು ನಿಂತು, ನಲವತ್ತೊಂದು ವರ್ಷ ಕೇಳದ ಮಾತನ್ನು ಕೇಳಿದಳು.

“ಥೇನ್. ಮಗೂನ ಎಲ್ಲಿಟ್ಟೆ?”

ಯಾವ ಮಗು ಎಂದು ಅವನು ಕೇಳಲಿಲ್ಲ. “ನಮ್ಮಪ್ಪನ ಸಮಾಧಿ ಪಕ್ಕದಲ್ಲಿ. ಪಶ್ಚಿಮದ ಬೇಲಿ ಕಡೆ. ಗುರುತಿಗೆ ಒಂದು ಇಟ್ಟಿಗೆ ಇದೆ.”

“ನಂಗೆ ಯಾಕೆ ಹೇಳಲಿಲ್ಲ?”

“ಅವಳಾಗೇ ಕೇಳೋ ತನಕ ಹೇಳಬೇಡ ಅಂದಿದ್ರು ಡಾಕ್ಟ್ರು. ನೀನು ಕೇಳಲಿಲ್ಲ.” ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. “ಕೇಳ್ತಾಳೆ, ಕೇಳ್ತಾಳೆ ಅಂತ ಇದ್ದೆ.”

“ಆ ಟವಲಲ್ಲೇ ಇಟ್ಟೆಯಾ?” ಎಂದು ಕೇಳಿದಳು ಆರ್ಡಿಸ್.

“ಛೆ, ಇಲ್ಲ. ಒರಟು ಟವಲು ಅದು, ಅವಳ ಕೆನ್ನೆಗೆ ಚುಚ್ತಿತ್ತು. ನನ್ನ ಕೋಟಲ್ಲಿ ಸುತ್ತಿದೆ. ಕಂದು ಬಣ್ಣದ್ದು, ಉಣ್ಣೇದು, ಮದುವೆಗೆ ನಿಮ್ಮಪ್ಪ ಕೊಡಿಸಿದ್ದು.” ಅವನು ಹೆಂಡತಿಯ ಮುಖ ನೋಡಿದ. “ಎಲ್ಲಿ ಕಳ್ಕೊಂಡು ಬಂದೆ ಅಂತ ಮುಂದಿನ ಚಳಿಗಾಲವೆಲ್ಲ ಬೈದೆಯಲ್ಲ.”